ಬುರುಲ್ಚಾಳ ಕೊರಳು ಬಾಗಿದ ದಿನ

ಬುರುಲ್ಚಾಳನ್ನು ಕೊನೆಯ ಸಲ ಮೀಯಿಸುವಾಗ ತಲೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅವಳ ಬೀಗಿತ್ತಿ. ನನ್ನ ಮಗಳನ್ನು ಅವಳ ಮಗನಿಗೆ ಕೊಟ್ಟಿದ್ದೇನೆ. ನಮ್ಮಲ್ಲಿ ಸತ್ತ ಹೆಂಗಸನ್ನು ಮೀಯಿಸುವವರಲ್ಲಿ ಬೀಗಿತ್ತಿಗೂ ಒಂದು ಜಾಗ ಇರುತ್ತದೆ. ಒಬ್ಬಳು ನೀರು ಹೊಯ್ದಳು, ಇಬ್ಬರು ತೊಳೆದರು. ನಾನು ಎರಡೂ ಅಂಗೈಗಳಲ್ಲಿ ತಲೆಯನ್ನೂ ಕತ್ತಿನ ಹಿಂಭಾಗವನ್ನೂ ಒಂದೇ ನೇರಕ್ಕೆ ಹಿಡಿದುಕೊಂಡು, ಮಗ್ಗುಲು ಹೊರಳಿಸುವಾಗಲೆಲ್ಲ "ನಿಧಾನ, ಕತ್ತು, ಕತ್ತು" ಎನ್ನುತ್ತಿದ್ದೆ. ನೀರು ಹೊಯ್ಯುತ್ತಿದ್ದ ಮುದುಕಿ ಕೊನೆಗೆ, "ಅಸಿಲ್ಕನ್, ಬಿಡೇ ತಾಯಿ. ಇನ್ನು ಅವಳಿಗೆ ಏನೂ ಆಗಲ್ಲ" ಎಂದಳು.

ಏನೂ ಆಗುವುದಿಲ್ಲವೆಂದು ನನಗೂ ಗೊತ್ತಿತ್ತು. ಸತ್ತವಳು ಎಂಬ ಕಾರಣಕ್ಕೆ ಮಾತ್ರ ಅಲ್ಲ. ಆ ಕತ್ತಿನೊಳಗೆ ಸ್ಕ್ರೂಗಳಿದ್ದವು. ಆ ಕೋಣೆಯಲ್ಲಿದ್ದ ಎಲ್ಲರ ಕತ್ತಿಗಿಂತ ಗಟ್ಟಿಯಾದ ಕತ್ತು ಅದು. ಆದರೂ ಕೊನೆಯವರೆಗೂ ಹಿಡಿದೇ ಇದ್ದೆ. ಬುದ್ಧಿಗೆ ಗೊತ್ತಿದ್ದದ್ದು ಕೈಗೆ ಗೊತ್ತಾಗಲು ಹೊತ್ತು ಹಿಡಿಯುತ್ತದೆ, ಅದರಲ್ಲೂ ನನ್ನಂಥ ಕೈಗೆ.

ಆಮೇಲೆ ಅಂಗಳದಲ್ಲಿ ಅವಳಿಗಾಗಿ ನಿಲ್ಲಿಸಿದ್ದ ಉಣ್ಣೆಯ ಗುಡಾರದಲ್ಲಿ ಹೆಂಗಸರು ಗೋಡೆಗೆ ಮುಖ ಮಾಡಿ ಕೂತು ಅಳುಹಾಡು ಹೇಳಿದರು. ಯಾರ ಮುಂದೆಯೂ ತಲೆ ತಗ್ಗಿಸದ ತಾಯಿ ಎಂದು ಒಬ್ಬಳು ಎತ್ತಿಕೊಟ್ಟಳು, ಉಳಿದವರು ಹಿಡಿದರು. ಅದು ತಪ್ಪು ಮಾಹಿತಿ. ಅವಳು ಒಮ್ಮೆ ತಲೆ ತಗ್ಗಿಸಿದ್ದಳು. ರಾಜಧಾನಿ ಬಿಷ್ಕೆಕ್‌ನ ಒಂದು ಆಸ್ಪತ್ರೆಯಲ್ಲಿ, ಸ್ಟೂಲಿನ ಮೇಲೆ ಕೂತು, ಎಕ್ಸ್‌ರೇ ಯಂತ್ರದ ಮುಂದೆ ತಗ್ಗಿಸಿದ್ದಳು. ಅಳುಹಾಡಿನ ನಡುವೆ ಎದ್ದು ನಿಂತು ತಿದ್ದಿದರೆ ಚೆನ್ನಾಗಿರುವುದಿಲ್ಲವೆಂದು ಸುಮ್ಮನಿದ್ದೆ. ಜೀವಮಾನವೆಲ್ಲ ಮಕ್ಕಳ ನೋಟ್ಸು ತಿದ್ದಿದ ಮೇಷ್ಟರಮ್ಮನಿಗೆ ಅದು ಸಣ್ಣ ತ್ಯಾಗವಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬುರುಲ್ಚಾ ನಮ್ಮ ಊರು ತೆರೆಕ್-ಬೆಲ್‌ಗೆ ಸೊಸೆಯಾಗಿ ಬಂದದ್ದು ಸರೋವರದ ಕಡೆಯಿಂದ. ನಾನು ಅದೇ ವರ್ಷ ಇಲ್ಲಿನ ಶಾಲೆಗೆ ಸಾಹಿತ್ಯ ಕಲಿಸಲು ಬಂದೆ. ಇಬ್ಬರೂ ಹೊರಗಿನವರಾದ್ದರಿಂದ ಸ್ನೇಹವಾಯಿತು. ಇಬ್ಬರಿಗೂ ತಾನೇ ಹೆಚ್ಚು ತಿಳಿದವಳೆಂಬ ನಂಬಿಕೆ ಇದ್ದದ್ದರಿಂದ ಅದು ಉಳಿಯಿತು. ಅವಳು ಉಣ್ಣೆಯ ಕಂಬಳಿಹಾಸು ಮಾಡುತ್ತಿದ್ದಳು. ಎರಡು ಬಣ್ಣದ ಉಣ್ಣೆಹಾಳೆಗಳಲ್ಲಿ ಟಗರುಕೊಂಬಿನ ಚಿತ್ತಾರ ಕತ್ತರಿಸಿ, ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ಕೂರಿಸಿ ಹೊಲಿಯುವ ಕೆಲಸ. ಆದರೆ ಊರು ಅವಳನ್ನು ಗೌರವಿಸುತ್ತಿದ್ದದ್ದು ಬೇರೆ ವಿದ್ಯೆಗೆ. ಹೊಸ ಸೊಸೆಯರಿಗೆ ಬಾಗಿ ವಂದಿಸುವುದನ್ನು ಅವಳೇ ಕಲಿಸುತ್ತಿದ್ದಳು.

ನಮ್ಮಲ್ಲಿ ಸೊಸೆ ಮಾವನ ಕಡೆಯ ಹಿರಿಯರನ್ನು ಕಂಡರೆ ಬಾಗಬೇಕು, ಹಿರಿಯರು ಹರಸಬೇಕು. ಈಗಿನ ಹುಡುಗಿಯರು ಗದ್ದವನ್ನು ಎದೆಗೆ ಒಂದು ಸಲ ಕುಕ್ಕಿ ಮೊಬೈಲಿಗೆ ಮರಳುತ್ತಾರೆ. ಬುರುಲ್ಚಾಳ ಪಾಠ ಹಾಗಲ್ಲ. ಬಲಗೈ ಬಲಮಂಡಿಯ ಮೇಲೆ, ಸೊಂಟದಿಂದ ಬಾಗು, ಬೆನ್ನು, ಕತ್ತು, ತಲೆ ಒಂದೇ ಹಲಗೆಯ ಹಾಗೆ.

"ಕತ್ತು ಮುರೀಬೇಡ್ರೇ," ಎಂದು ಬೈಯುತ್ತಿದ್ದಳು. "ತಲೆ ತಗ್ಗಿಸೋಳು ಕಳ್ಳಿ. ನಾವು ಬಾಗೋದು ಗೌರವಕ್ಕೆ, ಸಿಕ್ಕಿಬಿದ್ದದ್ದಕ್ಕಲ್ಲ."

ನನ್ನ ಮಗಳು ಜಾರ್ಕಿನ್ ಅವಳ ಮನೆಗೆ ಸೊಸೆಯಾಗಿ ಹೋದಾಗ ಅವಳಿಗೂ ಇದೇ ಪಾಠವಾಯಿತು. ಒಂದು ವಾರದ ನಂತರ ಬೀಗಿತ್ತಿ ನನ್ನ ಬಳಿ ಬಂದು, "ಹುಡುಗಿ ಒಳ್ಳೇಳು. ಕತ್ತು ಮಾತ್ರ ನಿನ್ನದು, ಗಾಳೀಲಿ ಸೂರ್ಯಕಾಂತಿ ಅಲ್ಲಾಡಿದ ಹಾಗೆ ಅಲ್ಲಾಡತ್ತೆ" ಎಂದಳು.

ನಲವತ್ತು ದಾಟುವಾಗ ಅವಳ ಬೆರಳುಗಳ ಗೆಣ್ಣು ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದು. ಒದ್ದೆ ಉಣ್ಣೆಯ ಕೆಲಸದ ಶೀತ ಎಂದುಕೊಂಡೆವು. ಆಗತಾನೆ ಸುಲಿದ ಕುರಿಚರ್ಮದಲ್ಲಿ ಅವಳನ್ನು ಸುತ್ತಿ ಮಲಗಿಸಿದೆವು. ನಾನು ಯಾವುದೋ ಪತ್ರಿಕೆಯಲ್ಲಿ ಓದಿ ಕುಂಬಳದ ಬೀಜ ತಿನ್ನಿಸಿದೆ. ವೈದ್ಯರು ಸಂಧಿವಾತ ಎಂದು ಹೆಸರಿಟ್ಟು, ದೇಹ ತನ್ನ ಕೀಲುಗಳನ್ನು ತಾನೇ ತಿನ್ನುವ ಬಗೆಯದ್ದು ಎಂದು ಹೇಳುವಷ್ಟರಲ್ಲಿ ಅವಳ ಬೆರಳುಗಳು ಒಂದೇ ಕಡೆಗೆ ವಾಲಿದ್ದವು. ಆ ಬೆರಳುಗಳಲ್ಲೇ ಅವಳು ಹೊಲಿಯುತ್ತಿದ್ದಳು. ನೆಟ್ಟಗಿನ ಬೆರಳುಗಳಿದ್ದ ನನ್ನ ಹೊಲಿಗೆಗಿಂತ ತನ್ನದೇ ನೆಟ್ಟಗಿದೆ ಎಂದು ಊರಿಗೆಲ್ಲ ಹೇಳುತ್ತಿದ್ದಳು.

ಕೊನೆಗೆ ಮಂಡಿಗಳು ಹೋದವು. ಅಂಗಳದ ಒಲೆಗೂ ಮನೆಯ ಬಾಗಿಲಿಗೂ ನಡುವೆ ಗೋಡೆ ಹಿಡಿದು ನಡೆಯುವಂತಾಯಿತು. ಬಿಷ್ಕೆಕ್‌ನಲ್ಲಿ ಡಾಕ್ಟರ್ ಎರ್ಮೆಕ್ ಎಂಬವರು ಮಂಡಿ ಬದಲಾಯಿಸಲು ಒಪ್ಪಿದರು. ಬುರುಲ್ಚಾಗೆ ಬೇರೇನೂ ಬೇಕಿರಲಿಲ್ಲ. ಗೋಡೆ ಬಿಟ್ಟು ನಡೆಯಬೇಕು, ಅಷ್ಟೇ.

"ಆದರೆ ಮೊದಲು ಕತ್ತಿನ ಎಕ್ಸ್‌ರೇ ಬೇಕು," ಎಂದರು ಡಾಕ್ಟರು.

"ಮಂಡಿ ಕತ್ತಿನಲ್ಲಿಲ್ಲ ಮಗನೇ," ಎಂದಳು ಬುರುಲ್ಚಾ.

"ಇಲ್ಲ ಎಜೆ," ಎಂದರು, ಹಿರಿಯಕ್ಕನನ್ನು ಕರೆಯುವ ಹಾಗೆ. "ಆದರೆ ನಿಮ್ಮ ಕಾಯಿಲೆ ಕೈಕಾಲನ್ನಷ್ಟೇ ತಿನ್ನಲ್ಲ, ಕತ್ತಿನ ಮೇಲ್ಗಡೆ ಕೀಲನ್ನೂ ಸಡಿಲ ಮಾಡತ್ತೆ. ಅರಿವಳಿಕೆ ಕೊಟ್ಟಮೇಲೆ ನಿಮ್ಮ ತಲೆ ನಮ್ಮ ಕೈಲಿರತ್ತೆ. ಉಸಿರಿನ ಕೊಳವೆ ಹಾಕೋವಾಗ ಅದನ್ನ ಆ ಕಡೆ ಈ ಕಡೆ ಬಾಗಿಸ್ತೀವಿ. ಕೀಲು ಸಡಿಲ ಇದೆ ಅಂತ ಗೊತ್ತಿಲ್ಲದೆ ಬಾಗಿಸಿದರೆ ಒಳಗಿನ ಬೆನ್ನುಹುರಿ ಜಜ್ಜಿಹೋಗಬಹುದು. ಆಮೇಲೆ ಮಂಡಿ ಹೊಸದಿದ್ದರೂ ಏಳೋಕಾಗಲ್ಲ. ಉಸಿರೇ ನಿಲ್ಲಲೂಬಹುದು." ನೆಟ್ಟಗೆ ಕೂತದ್ದೊಂದು, ತಲೆ ಮುಂದಕ್ಕೆ ಬಾಗಿಸಿದ್ದೊಂದು, ಎರಡು ಚಿತ್ರ ಬೇಕು, ನಿಮ್ಮ ಊರಿನ ಕಡೆಯೇ ತೆಗೆಸಿಕೊಂಡು ಬನ್ನಿ ಎಂದರು.

ಊರಿನ ಕಡೆ ಎಕ್ಸ್‌ರೇ ತೆಗೆಯುವವರು ಬುರುಲ್ಚಾಳ ತೀರಿಹೋದ ಗಂಡನ ಚಿಕ್ಕಪ್ಪ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವಂತಿಲ್ಲ, ಅಡ್ಡಹೆಸರು ಇಟ್ಟುಕೊಳ್ಳಬೇಕು. ಅವಳು ಅವರಿಗೆ ಇಟ್ಟದ್ದು ಬೆಳಕಿನ ಮಾವ ಎಂದು. ನಿವೃತ್ತಿಯಾದ ಮೇಲೂ ಬೇರೆ ಯಾರೂ ಸಿಗದೆ ಅವರನ್ನೇ ಕರೆದು ಕೂರಿಸಿದ್ದರು. ನಾನೂ ಜೊತೆಗೆ ಹೋದೆ. ಊರಿನಲ್ಲಿ ಅಚ್ಚಾದದ್ದು ಏನಿದ್ದರೂ, ಔಷಧದ ಚೀಟಿಯಿಂದ ಬಟ್ಟೆ ಒಗೆಯುವ ಯಂತ್ರದ ಸೂಚನೆಯವರೆಗೆ, ಓದಿ ಹೇಳುವವಳು ನಾನೇ. ಹೀಗಿರುವಾಗ ಎಕ್ಸ್‌ರೇ ನನ್ನನ್ನು ಬಿಟ್ಟು ಆಗುವುದುಂಟೇ?

ನೆಟ್ಟಗಿನ ಚಿತ್ರ ಸುಲಭವಾಗಿ ಆಯಿತು. ಆಮೇಲೆ ಮಾವ ಗಾಜಿನ ಆಚೆಯಿಂದ, ಸಂಕೋಚದಿಂದ, ಗೋಡೆಯನ್ನು ನೋಡುತ್ತ, "ಮಗಳೇ, ಈಗ ಸ್ವಲ್ಪ ಬಾಗು" ಎಂದರು.

ಬುರುಲ್ಚಾ ಬಾಗಿದಳು. ಬಲಗೈ ಬಲಮಂಡಿಯ ಮೇಲಿಟ್ಟು, ಸೊಂಟದಿಂದ, ಬೆನ್ನು ಕತ್ತು ತಲೆ ಒಂದೇ ಹಲಗೆಯ ಹಾಗೆ. ಮಂಡಿ ನೋವಿನಲ್ಲೂ ಅಂಥ ವಂದನೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ತಲೆ ಫಿಲ್ಮಿನ ಫಲಕದ ಅಂಚಿನಿಂದ ಆಚೆ ಹೋಯಿತು. ಮಾವ ಫಲಕವನ್ನೇ ಕೆಳಗಿಳಿಸಿ ಸರಿಮಾಡಿದರು.

"ಒಳ್ಳೇದಾಗಲಿ ಮಗಳೇ, ನಿನ್ನ ಬಾಳು ಬೆಳಗಲಿ," ಎಂದರು. "ಈ ಕಾಲದಲ್ಲಿ ಹೀಗೆ ಯಾರಮ್ಮ ಬಾಗ್ತಾರೆ?" ಎಂದು ಗುಂಡಿ ಒತ್ತಿದರು.

"ನೋಡಿ," ಎಂದೆ ನಾನು ಬಾಗಿಲಿನಿಂದ, ನನ್ನದೇ ಶಿಷ್ಯೆಯೇನೋ ಎಂಬಂತೆ.

ಮಾವನಾದವನು ಸೊಸೆಯ ಗದ್ದ ಹಿಡಿದು ಕೆಳಕ್ಕೆ ಒತ್ತುವುದು ನಮ್ಮಲ್ಲಿ ಕನಸಿನಲ್ಲೂ ಆಗದ ಮಾತು. ಗದ್ದ ಕೆಳಗೆ ಬರಲಿ ಎಂದು ಬಾಯಲ್ಲಿ ಹೇಳಲೂ ಅವರಿಗೆ ನಾಚಿಕೆ. ಹೀಗಾಗಿ ಕಾಯಿಲೆಗೆ ಬೇಕಾದ ಚಿತ್ರ ಸಂಪ್ರದಾಯಕ್ಕೆ ಹೋಯಿತು. ಮೂವರೂ ಕಣ್ಣೊರೆಸಿಕೊಂಡು ಹೊರಗೆ ಬಂದೆವು.

ಮನೆಯಲ್ಲಿ ನಾನು ಎರಡೂ ಫಿಲ್ಮುಗಳನ್ನು ಕಿಟಕಿಗೆ ಹಿಡಿದೆ. ಹಿಂದಿನ ರಾತ್ರಿಯಷ್ಟೇ ಒಂದು ವೈದ್ಯಕೀಯ ಕೈಪಿಡಿಯನ್ನು ಓದಿಕೊಂಡಿದ್ದೆ. ಅದು ಹಸುಗಳದ್ದು ಎಂಬುದನ್ನು ಯಾರಿಗೂ ಹೇಳಲಿಲ್ಲ. ಎರಡರಲ್ಲೂ ಮೂಳೆಗಳು ಜೋಡಿಸಿದ ಬಟ್ಟಲುಗಳ ಹಾಗೆ ಅಚ್ಚುಕಟ್ಟಾಗಿದ್ದವು.

"ಹದಿನಾರರ ಹುಡುಗಿ ಕತ್ತು," ಎಂದು ತೀರ್ಪು ಕೊಟ್ಟೆ.

"ಜಾರ್ಕಿನ್, ಕೇಳಿಸಿತಾ?" ಎಂದು ಬುರುಲ್ಚಾ ಒಳಗೆ ಕೂಗಿದಳು. "ನಿಮ್ಮಮ್ಮ ಓದಿದ್ದಕ್ಕೆ ಇವತ್ತು ಒಂದು ಉಪಯೋಗ ಆಯ್ತು."

ಜಾರ್ಕಿನ್ ಚಹಾ ತಂದಳು. ಅತ್ತೆ ಬಟ್ಟಲು ತೆಗೆದುಕೊಂಡಳು. ಅದು ಕೈಜಾರಿ ಹಾಸಿನ ಮೇಲೆ ಚೆಲ್ಲಿತು. ಆ ಚಳಿಗಾಲದಲ್ಲಿ ಅವಳ ಕೈಯಿಂದ ಬಟ್ಟಲು ಜಾರುವುದು ಹೆಚ್ಚಾಗಿತ್ತು. "ನಿನ್ನ ಮಗಳು ತೊಳೆದ ಬಟ್ಟಲು, ಸೋಪು ಹೋಗಿಲ್ಲ" ಎಂದು ನನ್ನನ್ನೇ ದಬಾಯಿಸಿದಳು. ಮಗಳು ಅತ್ತೆಯ ಬೆನ್ನ ಹಿಂದೆ ನಿಂತು ನನ್ನ ಕಡೆ ನೋಡಿ ಅಲ್ಲವೆಂದು ತಲೆಯಾಡಿಸಿದಳು.

ಬಿಷ್ಕೆಕ್‌ನಲ್ಲಿ ಡಾಕ್ಟರ್ ಎರ್ಮೆಕ್ ಎರಡು ಚಿತ್ರಗಳನ್ನೂ ಬೆಳಕಿನ ಹಲಗೆಗೆ ಸಿಕ್ಕಿಸಿದರು. ನಾನು ಅಭಿನಂದನೆಗೆ ಸಿದ್ಧಳಾಗಿ ನಿಂತಿದ್ದೆ. ಅವರು ಎರಡನೆಯ ಚಿತ್ರವನ್ನು ತೆಗೆದು ಓರೆಮಾಡಿ ಮೊದಲನೆಯದರ ಮೇಲಿಟ್ಟರು. ಒಂದರ ಮೇಲೊಂದು ಸರಿಯಾಗಿ ಕೂತಿತು.

"ಎಜೆ, ಇದರಲ್ಲಿ ಕತ್ತು ಬಾಗೇ ಇಲ್ಲ. ನಿಮ್ಮನ್ನ ಇಡಿಯಾಗಿ ಓರೆ ಮಾಡಿದಾರೆ. ಗದ್ದ ಎಲ್ಲಿದೆ ನೋಡಿ, ಎದೆಯಿಂದ ಎಷ್ಟು ದೂರ. ಹೇಗೆ ಬಾಗಿದಿರಿ?"

ಬುರುಲ್ಚಾ ಎದ್ದು ನಿಂತು ತೋರಿಸಿದಳು. ಡಾಕ್ಟರು ಕೂಡ ಕಿರ್ಗಿಜ್ ತಾಯಿಯ ಮಗನೇ. ತನಗಿಂತ ಹಿರಿಯಳು ತನಗೆ ಬಾಗಿದ್ದು ಕಂಡು ಗಾಬರಿಯಿಂದ ಕುರ್ಚಿ ಬಿಟ್ಟೆದ್ದು, "ಅಯ್ಯೋ, ಎಜೆ, ಬೇಡ, ಬೇಡ!" ಎಂದು ತಾವೂ ಅರ್ಧ ಬಾಗಿದರು. ಆಮೇಲೆ ಕೂತು ಮುಖ ಒರೆಸಿಕೊಂಡು ನಕ್ಕರು. ನಗು ಬೇಗ ನಿಂತಿತು. "ಕೈ ಜುಮುಜುಮು ಅನ್ನತ್ತಾ? ಕೈಲಿ ಹಿಡಿದದ್ದು ಜಾರತ್ತಾ?" ಎಂದು ಕೇಳಿದರು.

"ಇಲ್ಲ," ಎಂದಳು ಬುರುಲ್ಚಾ.

"ಜಾರತ್ತೆ," ಎಂದೆ ನಾನು. ಅವಳು ನನ್ನನ್ನು ನೋಡಿದ ರೀತಿಗೆ ಬೀಗಿತ್ತಿತನ ಅಲ್ಲೇ ಮುರಿದುಬೀಳಬೇಕಿತ್ತು.

ಮತ್ತೆ ಚಿತ್ರ ತೆಗೆಯಲು ಡಾಕ್ಟರೇ ಜೊತೆಗೆ ಬಂದರು. ಸ್ಟೂಲು ಹಾಕಿದರು. ನನಗೂ ಕಿರಣ ತಡೆಯುವ ಒಂದು ಸೀಸದ ಮುಂಗವಚ ತೊಡಿಸಿದರು. ಅದರಲ್ಲಿ ನಾನು ಹಿಟ್ಟಿನ ಮೂಟೆಯ ಹಾಗಿದ್ದೇನೆಂದು ಬುರುಲ್ಚಾ ಕೂತಲ್ಲಿಂದಲೇ ವರದಿ ಮಾಡಿದಳು. ಡಾಕ್ಟರು ಗದ್ದವನ್ನು ಎದೆಯ ಕಡೆಗೆ ತರಬೇಕು, ಎಷ್ಟು ತಾನಾಗಿ ಬರುತ್ತದೋ ಅಷ್ಟೇ, ನೋವಾದರೆ ನಿಲ್ಲಿಸಬೇಕು ಎಂದು ಹೇಳಿಕೊಟ್ಟರು.

ಅವಳು ಸೊಂಟದಿಂದ ಬಾಗಿದಳು.

"ಸೊಂಟ ಅಲ್ಲ ಎಜೆ, ಕತ್ತು."

ಮತ್ತೆ ಸೊಂಟ. ಕಣ್ಣು ಮಾತ್ರ ಕೆಳಗೆ ಬಂತು.

"ನಂಗೆ ಬರಲ್ಲಪ್ಪ," ಎಂದಳು. "ಅತ್ತೆ ಬಾಯಿಗೆ ಹೆದರಿ ಕೂಡ ತಲೆ ತಗ್ಗಿಸಿದೋಳಲ್ಲ. ಈ ತಗಡಿನ ಮುಂದೆ ತಗ್ಗಿಸ್ಲಾ?"

ನಾನು ಮುಂದೆ ಹೋಗಿ, ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಒತ್ತೋಣವೆಂದು ಕೈಯೆತ್ತಿದೆ. ಡಾಕ್ಟರು ಗಾಜಿನ ಆಚೆಯಿಂದ ಕೂಗಿದ ರಭಸಕ್ಕೆ ನನ್ನ ಕೈ ಗಾಳಿಯಲ್ಲೇ ನಿಂತಿತು. "ಮುಟ್ಟಬೇಡಿ! ಯಾರೂ ಒತ್ತಬಾರದು! ತಾನಾಗೇ ಬಾಗಬೇಕು!" ಸಾಹಿತ್ಯ ಕಲಿಸುತ್ತಿದ್ದವಳು ಒಂದು ಕೊಲೆಯಿಂದ ಕೂದಲೆಳೆಯಲ್ಲಿ ಪಾರಾಗಿದ್ದೆ.

ನಾನೇ ಮಾಡಿ ತೋರಿಸಿದೆ. ಗದ್ದ ಎದೆಗೆ ಹಚ್ಚಿದೆ.

"ನಿಂಗೆ ಮೂರು ಗದ್ದ ಇವೆ ಕಣೇ. ಯಾವುದನ್ನ ಅಂತ ನೋಡ್ಲಿ?" ಎಂದಳು.

ಅಷ್ಟರಲ್ಲಿ ನನ್ನ ಚೀಲದ ನೆನಪಾಯಿತು. ಹೊರಗೆ ಕಾಯುವ ಹೊತ್ತಿಗೆಂದು ಮೊಮ್ಮಗಳ ತೊಟ್ಟಿಲಿಗೆ ಒಂದು ಉಣ್ಣೆಯ ಮೆತ್ತೆ ಹೊಲಿಯಲು ತಂದಿದ್ದೆ. ಸೂಜಿ ತೆಗೆದಿಟ್ಟು, ಆ ಮೆತ್ತೆಯನ್ನು ಬುರುಲ್ಚಾಳ ತೊಡೆಯ ಮೇಲಿಟ್ಟು, "ಇದನ್ನ ನೋಡೇ. ಕೊಂಬು ಸರಿ ಬಂದಿದ್ಯಾ?" ಎಂದೆ.

ಅವಳ ಗದ್ದ ತಾನೇ ತಾನಾಗಿ ಎದೆಗೆ ಇಳಿಯಿತು.

"ಇದೇನೇ ಇದು? ಕೊಂಬಾ, ಎರೆಹುಳನಾ? ಹೊಲಿಗೆ ನೋಡು, ಕುಡಿದ ಇಲಿ ಓಡಿದ ಹಾಗೆ..."

"ಹಾಗೇ ಇರಿ!" ಎಂದಿತು ಆಚೆಯ ದನಿ. "ಅಲ್ಲಾಡಬೇಡಿ! ಉಸಿರು ಹಿಡೀರಿ!"

ಅವಳು ಉಸಿರು ಹಿಡಿದಳು. ಉಸಿರಿನ ಹಿಂದೆ ಒತ್ತರಿಸಿ ನಿಂತಿದ್ದ ಬೈಗುಳಗಳು ಅವಳ ಕೆನ್ನೆಯಲ್ಲಿ ಉಬ್ಬಿ ಕಾಣುತ್ತಿದ್ದವು. ಯಂತ್ರ ಟಕ್ಕೆಂದಿತು. ನನ್ನ ಹೊಲಿಗೆಯನ್ನು ಊರಿನಲ್ಲಿ ಯಾವ ಶಾಲೆಯ ಪ್ರದರ್ಶನಕ್ಕೂ ತೆಗೆದುಕೊಂಡಿರಲಿಲ್ಲ. ಅದರ ಯೋಗ್ಯತೆ ಆ ದಿನ ತಿಳಿಯಿತು.

ಚಿತ್ರ ನೋಡುವಾಗ ಡಾಕ್ಟರು ನಗಲಿಲ್ಲ. ಬುರುಲ್ಚಾಳನ್ನು ಕುರ್ಚಿಯಲ್ಲಿ ಕೂರಿಸಿ ಮೊದಲು ಗಟ್ಟಿಯಾದ ಒಂದು ಕೊರಳಪಟ್ಟಿ ಕಟ್ಟಿಸಿದರು, ಆಮೇಲೆ ಮಾತಾಡಿದರು.

"ಕುರಿ ಕತ್ತಿನ ಮೂಳೆ ನೋಡಿದೀರಲ್ಲ ಎಜೆ?"

"ನೋಡೋದೇನು, ಚೀಪಿದೀನಿ."

"ಮೇಲಿನದ್ದು ಉಂಗುರ. ಅದರ ಕೆಳಗಿನದಕ್ಕೆ ಒಂದು ಗೂಟ. ಉಂಗುರದೊಳಗೆ ಗೂಟ ಕೂತಿರತ್ತೆ, ಅದನ್ನ ಒಂದು ಪಟ್ಟಿ ಕಟ್ಟಿ ಹಿಡಿದಿರತ್ತೆ. ಗೂಟದ ಹಿಂದೇನೇ ಬೆನ್ನುಹುರಿ. ನಿಮ್ಮ ಕಾಯಿಲೆ ಆ ಪಟ್ಟಿ ತಿಂದುಹಾಕಿದೆ. ಕುದುರೆಗೆ ಜೀನಿನ ಪಟ್ಟಿ ಸಡಿಲ ಆದರೆ ಸಮ ನೆಲದಲ್ಲಿ ಗೊತ್ತಾಗತ್ತಾ?"

"ಇಲ್ಲ. ಇಳಿಜಾರಲ್ಲಿ ಜೀನು ಕುದುರೆ ಕತ್ತಿನ ಮೇಲೆ ಬರತ್ತೆ."

"ಅದೇ. ನೀವು ನೆಟ್ಟಗಿದ್ದರೆ ಎಲ್ಲ ಸರಿ ಕಾಣತ್ತೆ. ತಲೆ ಬಾಗಿಸಿದರೆ ಉಂಗುರ ಮುಂದಕ್ಕೆ ಜಾರತ್ತೆ, ಗೂಟ ಹಿಂದೆ ಉಳಿದು ಬೆನ್ನುಹುರಿಯನ್ನ ಒತ್ತತ್ತೆ." ಎರಡು ಚಿತ್ರಗಳನ್ನು ಪಕ್ಕಪಕ್ಕ ತೋರಿಸಿದರು. ಒಂದರಲ್ಲಿ ಗೂಟದ ಮುಂದೆ ಗೆರೆಯಷ್ಟು ಸಂದು. ಇನ್ನೊಂದರಲ್ಲಿ ಬೆರಳಿನ ತುದಿ ಹೋಗುವಷ್ಟು. ಹದಿನಾರರ ಹುಡುಗಿಯ ಕತ್ತು! ಈ ಸಲ ನಾನೂ ಸ್ಪಷ್ಟವಾಗಿ ಓದಬಲ್ಲವಳಾಗಿದ್ದೆ. ಓದಲು ಮಾತ್ರ ಮನಸ್ಸಾಗಲಿಲ್ಲ.

ಮೊದಲ ಚಿತ್ರಗಳನ್ನು ನಂಬಿ ಮಂಡಿಗೆ ಕೈ ಹಾಕಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಂಆರ್‌ಐ ಮಾಡಿಸಿದರು. ಕೊಳವೆಯೊಳಗೆ ಅವಳನ್ನು ದೂಡುವಾಗ, "ರೊಟ್ಟಿ ಒಲೆಗೆ ಹಿಟ್ಟು ಹಾಕಿದ ಹಾಗೆ ಹಾಕ್ತೀರಲ್ಲ, ಹೊತ್ತಿಸಿಬಿಟ್ಟೀರಿ" ಎಂದು ಹೇಳಿ ಹೋದಳು. ಬೆನ್ನುಹುರಿ ಆಗಲೇ ಒತ್ತಡಕ್ಕೆ ಸಿಕ್ಕಿರುವುದು ಅದರಲ್ಲಿ ಕಂಡಿತು. ಬಟ್ಟಲುಗಳು ಸುಮ್ಮನೆ ಜಾರಿರಲಿಲ್ಲ. ಸೋಪಿನ ಆರೋಪದಿಂದ ನನ್ನ ಮಗಳು ಬಿಡುಗಡೆಯಾದಳು. ಅವಳಿಗೆ ಫೋನಿನಲ್ಲಿ ಹೇಳಿದರೆ ಅತ್ತುಬಿಟ್ಟಳು.

ಮಂಡಿ ಆಮೇಲೆ, ಕತ್ತು ಮೊದಲು ಎಂದರು ಡಾಕ್ಟರು. ಮೇಲಿನ ಎರಡು ಮೂಳೆಗಳನ್ನು ಸ್ಕ್ರೂ ಹಾಕಿ ಒಂದಕ್ಕೊಂದು ಬಿಗಿಯಬೇಕು. ಈಗ ಸಡಿಲ ಇರುವುದು ತಿಳಿದಿರುವುದರಿಂದ ತಲೆಯನ್ನು ಅಲುಗಿಸದೆ, ಕೊಳವೆಯ ತುದಿಯ ಕ್ಯಾಮರಾದಲ್ಲಿ ದಾರಿ ನೋಡಿಕೊಂಡು ಅರಿವಳಿಕೆ ಕೊಡಬಹುದು. ಅಪಾಯ ಇಲ್ಲವೆಂದಲ್ಲ, ಬಿಟ್ಟರೆ ಇರುವುದಕ್ಕಿಂತ ಕಡಿಮೆ. ಆಮೇಲೆ ತಲೆ ಹೆಚ್ಚು ತಿರುಗುವುದಿಲ್ಲ. ಗದ್ದ ಎದೆಗೆ ಬರುವುದಂತೂ ಇಲ್ಲವೇ ಇಲ್ಲ.

ಬುರುಲ್ಚಾ ಹೆದರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಓರೆಯಾದ ಬೆರಳುಗಳಿಂದ ನನ್ನ ಮೆತ್ತೆಯ ಹೊಲಿಗೆಯನ್ನು ಬಿಚ್ಚುತ್ತಿದ್ದಳು. ಅದು ಅವಳಿಗೂ ಗೊತ್ತಿರಲಿಲ್ಲ.

"ಬಾಗೋಕಾಗತ್ತಾ?" ಎಂದು ಕೇಳಿದಳು.

"ಸೊಂಟದಿಂದ ಎಷ್ಟು ಬೇಕಾದರೂ ಎಜೆ."

"ಮತ್ತೆ ಇನ್ನೇನು? ಬಿಗೀರಿ."

ಬಿಗಿದರು. ಮುಂದಿನ ವಸಂತದಲ್ಲಿ ಒಂದು ಮಂಡಿಯೂ ಆಯಿತು, ಇನ್ನೊಂದು ಬೇಡವೆಂದಳು. ಗೋಡೆ ಬಿಟ್ಟು ನಡೆದಳು. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ನನ್ನ ಮನೆಗೆ, ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕಲು.

ಆದರೆ ನನಗೆ ಹೇಳಬೇಕಾದದ್ದು ಆಮೇಲಿನ ವರ್ಷಗಳ ಒಂದು ಸಂಗತಿ. ಕತ್ತು ತಿರುಗದ್ದರಿಂದ ಯಾರನ್ನಾದರೂ ನೋಡಬೇಕೆಂದರೆ ಅವಳು ಇಡಿಯಾಗಿ ತಿರುಗಬೇಕಾಗಿತ್ತು. ನಾವೆಲ್ಲ ಕಣ್ಣಿನ ಒಂದು ತುದಿಯಿಂದ ನೋಡಿ, ಅರ್ಧ ಕೇಳಿಸಿಕೊಂಡು, ಹೂಂ ಎನ್ನುವವರು. ಅವಳು ಹಾಗೆ ಮಾಡುವಂತಿರಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟು, ಕೈಯೂರಿ, ಭುಜ, ಎದೆ, ಮಂಡಿ ಎಲ್ಲವನ್ನೂ ಮಾತಾಡಿದವರ ಕಡೆಗೆ ತಂದು, ಆಮೇಲೆ "ಏನಂದೆ?" ಎನ್ನುತ್ತಿದ್ದಳು. ಊರಿನ ಜನ ಅದನ್ನು ದೊಡ್ಡ ಮರ್ಯಾದೆ ಎಂದುಕೊಂಡರು. ಮರ್ಯಾದೆಯಲ್ಲ, ಸ್ಕ್ರೂ ಎಂದು ನಾನು ವಿವರಿಸಿದರೂ ಯಾರೂ ಕೇಳಲಿಲ್ಲ. ನನಗೂ ಆ ವಿವರಣೆಯಲ್ಲಿ ನಂಬಿಕೆ ಉಳಿದಿರಲಿಲ್ಲ. ಊಟದ ಹಾಸಿನಲ್ಲಿ ಬೇಕೆಂದೇ ಅವಳ ಪಕ್ಕಕ್ಕೆ ಸ್ವಲ್ಪ ಹಿಂದೆ ಕೂತು, ಏನಾದರೂ ಹುಚ್ಚು ಮಾತು ಆಡುತ್ತಿದ್ದೆ. ಒಮ್ಮೆ ಚಂದ್ರನ ಮೇಲೆ ಕುರಿ ಮೇಯಿಸಬಹುದಂತೆ ಎಂದೆ. ಅವಳು ಪೂರ್ತಿ ತಿರುಗಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹುಲ್ಲು ನೀನು ಹೊರ್ತೀಯಾ?" ಎಂದು ಕೇಳಿ, ಮತ್ತೆ ಅಷ್ಟೇ ಪ್ರಯಾಸದಿಂದ ವಾಪಸು ತಿರುಗಿದಳು. ಓದಿದವಳೊಬ್ಬಳು ತನ್ನ ಮುದಿತನದಲ್ಲಿ, ಒಬ್ಬ ಹೆಂಗಸು ತನ್ನ ಕಡೆ ತಿರುಗಲಿ ಎಂಬುದಕ್ಕಾಗಿ ಇಂಥ ಮಾತುಗಳನ್ನು ಮನೆಯಲ್ಲಿ ತಯಾರಿಸಿಕೊಂಡು ಹೋಗುತ್ತಿದ್ದಳು.

ಈ ಚಳಿಗಾಲ ಅವಳ ಎದೆಗೆ ಶೀತ ಇಳಿಯಿತು. ಕೊನೆಯ ಮಧ್ಯಾಹ್ನ ನಾನು ಹೋದಾಗ ಗೋಡೆಯ ಕಡೆ ಮುಖವಾಗಿ ಮಲಗಿದ್ದಳು. ಜಾರ್ಕಿನ್ ಬಾಗಿಲಲ್ಲೇ, "ಅಮ್ಮ, ಮಾತಾಡಿಸಬೇಡ, ಸುಸ್ತಾಗಿದಾರೆ" ಎಂದಳು. ನಾನು ಮಾತಾಡಲಿಲ್ಲ, ಬೂಟು ಬಿಚ್ಚಿದೆ, ಅಷ್ಟೇ. ನನ್ನ ಬೂಟು ಬಿಚ್ಚುವ ಸದ್ದು ಅವಳಿಗೆ ಗೊತ್ತು. ಕಂಬಳಿಯ ಕೆಳಗೆ ಅವಳ ಭುಜ ಅಲುಗಿತು. ಇಡಿಯಾಗಿ ತಿರುಗಲು ಹೊರಟಿದ್ದಳು, ಭುಜ ಏಳುತ್ತಿರಲಿಲ್ಲ.

"ಬೇಡ, ಬೇಡ, ನಾನೇ ಬರ್ತೀನಿ," ಎಂದು ಹಾಸಿಗೆಯನ್ನು ಸುತ್ತಿಕೊಂಡು ಹೋದೆ. ಹಾಸಿಗೆಗೂ ಗೋಡೆಗೂ ನಡುವೆ ಒಂದು ಬೆಕ್ಕು ಹೋಗುವಷ್ಟೇ ಜಾಗ. ಹೊಟ್ಟೆ ಒಳಗೆ ಎಳೆದುಕೊಂಡು, ಗೋಡೆಗೆ ಬೆನ್ನು ಉಜ್ಜಿ, ತೂಗುಹಾಕಿದ್ದ ಹಾಸನ್ನು ಅರ್ಧ ಕಿತ್ತು, ಹೇಗೋ ಅವಳ ಕಣ್ಣೆದುರಿಗೆ ಬಂದು ಸಿಕ್ಕಿಕೊಂಡು ನಿಂತೆ. ಅವಳು ನೋಡಿದಳು. ತುಟಿ ಒಣಗಿತ್ತು.

"ಈಗ ಅಲ್ಲಿಂದ ಹೇಗೆ ಹೊರಗೆ ಬರ್ತೀಯೇ?" ಎಂದಳು.

"ಬರಲ್ಲ," ಎಂದೆ.